ವೆಚ್ಚಮೀಮಾಂಸೆ: ಎಡೆದೊರೆನಾಡಿನ ಆಕರಗಳ ಬೆಳಕಿನಲ್ಲಿ ವಿಶ್ವವಿದ್ಯಾಲಯದ ಖರ್ಚು

ವಿಶ್ವವಿದ್ಯಾಲಯದ ದುಡ್ಡು ಎಲ್ಲಿ ಹೋಗುತ್ತದೆ ಎಂದು ಈವರೆಗೆ ಕೇಳಿದವರು ಲೆಕ್ಕಪರಿಶೋಧಕರು. ಅವರಿಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ, ಏಕೆಂದರೆ ಇದು ದರ್ಶನಶಾಸ್ತ್ರದ ಪ್ರಶ್ನೆ. ಆ ಕೊರತೆ ನೀಗಲೆಂದೇ ಪ್ರಸ್ತುತ ಪ್ರಬಂಧ. ಅಧ್ಯಯನದ ವ್ಯಾಪ್ತಿ ಎಡೆದೊರೆನಾಡಿನ ರಾಯಚೂರು, ಮಾನ್ವಿ ಮತ್ತು ದೇವದುರ್ಗ. ಪ್ರಯಾಣ ಭತ್ಯೆ ಅಷ್ಟಕ್ಕೇ ಮಂಜೂರಾಗಿತ್ತು. ಗುಲ್ಬರ್ಗ ವಿಶ್ವವಿದ್ಯಾಲಯದಿಂದ ಬೇರೆಯಾಗಿ ಯರಗೇರಾದ ಸ್ನಾತಕೋತ್ತರ ಕೇಂದ್ರದಲ್ಲಿ ನೆಲೆಗೊಂಡ ಇಲ್ಲಿನ ವಿಶ್ವವಿದ್ಯಾಲಯವನ್ನು ದೂರುವುದು ನಮ್ಮ ಉದ್ದೇಶವಲ್ಲ. ಮುಂದೆ ವಿವರಿಸುವ ಲಕ್ಷಣಗಳು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಸಾಮಾನ್ಯ ಪಿತ್ರಾರ್ಜಿತ.

ಮೊದಲು ಪ್ರಾಚೀನ ಆಕರ. 1294ರಲ್ಲಿ ಕಾಕತೀಯರ ಅಧಿಕಾರಿಗಳು ಕಟ್ಟಿಸಿದ ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಶಾಸನ. ಹತ್ತಿರದಲ್ಲೇ ಆ ಕಲ್ಲನ್ನು ಬಂಡಿಗೆ ಹೇರಿ ಕೋಣಗಳ ಉದ್ದನೆಯ ಸಾಲು ಎಳೆದು ತರುವ ಕೆತ್ತನೆ. ಇತಿಹಾಸಕಾರರು ಇದನ್ನು ಕಲೆಯೆಂದರು. ನಮ್ಮ ಮತದಲ್ಲಿ ಇದು ಸಾಗಾಣಿಕೆ ಬಿಲ್ಲಿಗೆ ಲಗತ್ತಿಸಿದ ಫೋಟೊ. ಕಾಮಗಾರಿ ಇದೆ, ತೇದಿ ಇದೆ, ಮಾಡಿಸಿದವರ ಹೆಸರಿದೆ, ವಾಹನದ ವಿವರವಿದೆ. ಏಳು ಶತಮಾನ ಕಳೆದರೂ ಕಲ್ಲು ಅಲ್ಲೇ ಇದೆ ಎಂಬುದನ್ನು ಕಾಂಪೌಂಡು ಗೋಡೆ ಕಟ್ಟಿಸುವವರು ದಯವಿಟ್ಟು ಗಮನಿಸಬೇಕು.

ಎರಡನೆಯದು, ಭತ್ಯೆಯ ವ್ಯಾಪ್ತಿಯ ಹೊರಗಿನದಾದರೂ, ಮಸ್ಕಿಯ ಶಾಸನ. 1915ರಲ್ಲಿ ಅದು ಬೀಡನ್ ಎಂಬವರ ಕಣ್ಣಿಗೆ ಬೀಳುವವರೆಗೆ ದೇವಾನಾಂಪ್ರಿಯ ಎಂಬ ಪದನಾಮದಲ್ಲಿ ಆದೇಶ ಹೊರಡಿಸುತ್ತಿದ್ದವನು ಯಾರೆಂಬುದಕ್ಕೆ ನೇರ ಪುರಾವೆ ಇರಲಿಲ್ಲ. ಮಸ್ಕಿಯಲ್ಲಿ ಅಶೋಕ ತನ್ನ ಹೆಸರನ್ನೇ ಹಾಕಿದ್ದಾನೆ. ಚಕ್ರವರ್ತಿಯಾದ್ದರಿಂದ ಧೈರ್ಯವಿತ್ತು. ಇಂದಿನ ಆಡಳಿತ ಈ ಪ್ರಮಾದದಿಂದ ಪಾಠ ಕಲಿತಿದೆ: ‘ಕುಲಸಚಿವರ ಪರವಾಗಿ’ ಎಂಬುದರ ಮೇಲೆ ಹಸಿರು ಶಾಯಿಯಲ್ಲಿ ಒಂದು ಗೀರು. ಆ ಗೀರು ಯಾರದೆಂದು ಪತ್ತೆಹಚ್ಚಲು ಹೊಸ ಬೀಡನ್ ಒಬ್ಬ ಬರಬೇಕು.

ಮಾನ್ವಿಗೆ ಬಂದರೆ ಸಿದ್ಧಾಂತವೇ ಕೈಗೆ ಸಿಗುತ್ತದೆ. ಇದು ಜಗನ್ನಾಥದಾಸರ ಊರು. ಅವರ ಹರಿಕಥಾಮೃತಸಾರದಲ್ಲಿ ತಾರತಮ್ಯಕ್ಕೆಂದೇ ಸಂಧಿಗಳಿವೆ. ದೇವತೆಗಳಲ್ಲಿ ಯಾರು ಯಾರಿಗಿಂತ ಮೇಲು ಎಂಬುದನ್ನು ಅರಿಯದೆ ಗತಿಯಿಲ್ಲ. ಪ್ರಯಾಣ ಭತ್ಯೆಯ ಕೋಷ್ಟಕವನ್ನು ಅರಿಯದೆ ಬಿಲ್ಲಿಗೂ ಗತಿಯಿಲ್ಲ. ವಿಮಾನಕ್ಕೆ ಅರ್ಹರು, ಎಸಿ ಬೋಗಿಗೆ ಅರ್ಹರು, ಕೆಂಪು ಬಸ್ಸಿಗೆ ಅರ್ಹರು ಎಂದು ಶ್ರೇಣಿ ಇಳಿಯುತ್ತದೆ. ಕಾಲೇಜಿಗೆ ಸಂಯೋಜನೆ ಕೊಡುವ ಮುನ್ನ ಕೊಠಡಿ, ಪುಸ್ತಕ, ಶೌಚಾಲಯ ನೋಡಿ ಬರುವ ಸ್ಥಳೀಯ ವಿಚಾರಣಾ ಸಮಿತಿ ಹೊರಟಾಗ ಈ ತಾರತಮ್ಯದ ಸಾಕ್ಷಾತ್ ದರ್ಶನವಾಗುತ್ತದೆ. ಶ್ರೇಣಿಯ ತೀರ ತಳದಲ್ಲಿ ಅತಿಥಿ ಉಪನ್ಯಾಸಕರು. ಪಾಠದ ಹೊರೆಯಲ್ಲಿ ದೊಡ್ಡ ಪಾಲು ಅವರದು, ಭತ್ಯೆಯ ಕೋಷ್ಟಕದಲ್ಲಿ ಅವರಿಗೆ ಸಾಲೇ ಇಲ್ಲ. ಮಿತವ್ಯಯ ಎಂಬ ಮಾತು ಬಂದಾಗ ಮಾತ್ರ ಅವರ ನೆನಪು ಎಲ್ಲರಿಗಿಂತ ಮೊದಲು ಬರುತ್ತದೆ.

ಮಿತವ್ಯಯದ ವಿಷಯ ಬಂದುದರಿಂದ ಒಂದು ಕಲ್ಪಿತ ಕಡತವನ್ನು ಬಿಚ್ಚಿ ನೋಡೋಣ. ಖರ್ಚು ತಗ್ಗಿಸುವ ಕುರಿತು ಸಭೆ ನಡೆದಿದೆ. ಕಡತದ ಮೊದಲ ಹಾಳೆ ಮಂಡಾಳ ಒಗ್ಗರಣಿ, ಮಿರ್ಚಿ, ಚಹಾದ ಬಿಲ್ಲು. ಎರಡನೆಯದು ಶಾಲು-ಹಾರದ್ದು, ಮಿತವ್ಯಯದ ತಜ್ಞರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲವಲ್ಲ. ಮೂರು, ನಾಲ್ಕು, ಐದನೆಯವು ಮೂರು ಬೇರೆ ಬೇರೆ ಅಂಗಡಿಗಳ ಕೊಟೇಶನ್ನುಗಳು. ಅಕ್ಷರ ಮೂರರಲ್ಲೂ ದುಂಡಗೆ, ಒಂದೇ ಕೈಯದು. ಎಡಗಡೆ ಟಿಪ್ಪಣಿ ಹಾಳೆಯಲ್ಲಿ ‘ಮಂಡಿಸಿದೆ’, ಅದರ ಕೆಳಗೆ ‘ಚರ್ಚಿಸಿ’, ಅದರ ಕೆಳಗೆ ‘ಚರ್ಚಿಸಿದಂತೆ ಮರುಮಂಡಿಸಿದೆ’. ಏನು ಚರ್ಚಿಸಿದರು ಎಂಬುದು ಕಡತದಲ್ಲಿಲ್ಲ, ಆದರೆ ಊಹಿಸಬಹುದು:

“ಸಾಹೇಬ್ರ, ಮೀಟಿಂಗ್ ಆಗಿ ತಿಂಗಳಾತ್ರಿ. ಮಂಜೂರಾತಿನೇ ಆಗಿಲ್ಲ.”

“ಮಿರ್ಚಿ ತಿಂದು ಮುಗದಾದಲ್ಲಪಾ? ಘಟನೋತ್ತರ ಅಂತ ಬರಿ.”

ಇಲ್ಲಿ ವೆಚ್ಚಮೀಮಾಂಸೆ ಎರಡಾಗಿ ಒಡೆಯುತ್ತದೆ. ಖರ್ಚಿಗೆ ಮೊದಲು ಅನುಮತಿ ಬೇಕೆನ್ನುವವರು ಪೂರ್ವಮೀಮಾಂಸಕರು. ಇವರು ಕಾಯ್ದೆಯ ಪುಸ್ತಕದಲ್ಲಿ ಮಾತ್ರ ಕಾಣಸಿಗುತ್ತಾರೆ. ಖರ್ಚಾದ ಮೇಲೆ ಅನುಮತಿ ತಾನಾಗಿಯೇ ಉದಿಸುತ್ತದೆ ಎನ್ನುವವರು ಉತ್ತರಮೀಮಾಂಸಕರು. ವೈಶೇಷಿಕರ ಶಾಖೆಯೂ ಉಂಟು. ಕಣಾದ ಮಹರ್ಷಿ ಪದಾರ್ಥವನ್ನು ಪರಮಾಣುವಿನವರೆಗೆ ಒಡೆದ. ಸಾರ್ವಜನಿಕ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಬಂದ ಮೇಲೆ ಇವರು ಕಾಮಗಾರಿಯನ್ನು ಟೆಂಡರ್ ಮಿತಿಯ ಕೆಳಗಿಳಿಯುವವರೆಗೆ ಒಡೆದರು. ಲೋಕ ಇದನ್ನು ತುಂಡು ಗುತ್ತಿಗೆ ಎನ್ನುತ್ತದೆ. ಒಡೆಯಲಾಗದ್ದು ಉಳಿದರೆ ಅದೇ ಕಾಯ್ದೆಯ 4(ಜಿ) ಎಂಬ ವಿನಾಯಿತಿಯಿದೆ, ಅದು ಆಗಮ ಪ್ರಮಾಣ, ಪ್ರಶ್ನಿಸುವಂತಿಲ್ಲ.

ಆಡಿಟ್ ಆಕ್ಷೇಪಣೆಗೆ ಪುನರ್ಜನ್ಮವಿದೆ. ಈ ವರ್ಷದ ಕಂಡಿಕೆ ಅನುಪಾಲನಾ ವರದಿಯಲ್ಲಿ ಮುಳುಗಿ ಮುಂದಿನ ವರ್ಷ ಹೊಸ ಸಂಖ್ಯೆ ಧರಿಸಿ ಮೇಲೇಳುತ್ತದೆ. ಅಧಿಕಾರಿಗಾದರೋ ನಿವೃತ್ತಿಯೆಂಬ ಮೋಕ್ಷವುಂಟು. ಜೀವ ಬಿಡುಗಡೆ ಹೊಂದಿ ಕರ್ಮ ಮಾತ್ರ ಕಪಾಟಿನಲ್ಲಿ ಉಳಿಯುವ ಈ ಸ್ಥಿತಿಯನ್ನು ಯಾವ ಆಚಾರ್ಯರೂ ವಿವರಿಸಿಲ್ಲ.

ಸೃಷ್ಟಿ-ಸ್ಥಿತಿ-ಲಯಗಳ ಮಾತೂ ಬರಬೇಕು. 2022ರಲ್ಲಿ ಕಾಯ್ದೆ ತಿದ್ದಿ ರಾಜ್ಯದಲ್ಲಿ ಏಳು ವಿಶ್ವವಿದ್ಯಾಲಯಗಳನ್ನು ಒಟ್ಟಿಗೆ ಸೃಷ್ಟಿಸಲಾಯಿತು, ತಲಾ 2 ಕೋಟಿ ರೂಪಾಯಿಯ ಆಶೀರ್ವಾದದೊಂದಿಗೆ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಇವೂ ಸೇರಿದಂತೆ ಹತ್ತು ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿತು. ಸ್ಥಿತಿಗೆ ಬೇಕಾದ ಹಣವನ್ನು ಯಾರೂ ಇಟ್ಟಿರಲಿಲ್ಲವಾದ್ದರಿಂದ ಸೃಷ್ಟಿಯಿಂದ ನೇರವಾಗಿ ಲಯದ ಮಾತಿಗೆ ಜಿಗಿದದ್ದು. ರಾಯಚೂರು ಆ ಪಟ್ಟಿಯಲ್ಲಿರಲಿಲ್ಲ.

ಈಗ ಪೂರ್ವಪಕ್ಷ. ಕಾಗದವೆಲ್ಲ ಸರಿಯಾಗಿರುವಾಗ ನಿಮ್ಮದೇನು ತಕರಾರು ಎಂದು ಯಾರಾದರೂ ಕೇಳಬಹುದು. ದೇವದುರ್ಗದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಿದ್ದಿಸಲು ರಾಯಚೂರಿಗೆ ಒಂದು ಬಸ್ಸು, ಅಲ್ಲಿಂದ ಮಂತ್ರಾಲಯದ ದಾರಿ ಹಿಡಿದು ಯರಗೇರಾಕ್ಕೆ ಇನ್ನೊಂದು. ಪರೀಕ್ಷಾ ಶುಲ್ಕ, ಅಂಕಪಟ್ಟಿ ಶುಲ್ಕ, ಘಟಿಕೋತ್ಸವ ಶುಲ್ಕ ಎಲ್ಲ ಕಟ್ಟಿದವಳು. ಒಂದು ದಿನ ತಡವಾದರೆ ದಂಡ ಸಮೇತ ಕಟ್ಟಿಯಾಳು. ಅವಳ ಪಾಲಿಗೆ ಘಟನೋತ್ತರ ಎಂಬುದಿಲ್ಲ. ಮಿರ್ಚಿಗೆ ಸಿಕ್ಕ ವಿನಾಯಿತಿ ಅವಳಿಗೆ ಸಿಗದು, ಮತ್ತು ಆ ಮಿರ್ಚಿಯಲ್ಲಿ ಅವಳ ಪಾಲೆಷ್ಟು ಎಂದು ಅವಳಿಗೆ ಯಾರೂ ಹೇಳುವುದಿಲ್ಲ. ಕಾಗದ ಸರಿಯಿದೆ, ನಿಜ. ಅದು ಮೇಲಿನವರಿಗೆ ತೋರಿಸಲು ಬರೆದ ಕಾಗದ. ಹಣ ಕಟ್ಟಿದವಳಿಗೆ ತೋರಿಸಲು ಬರೆದದ್ದು ಒಂದೂ ಇಲ್ಲ.

ಅವಳದೇ ತಾಲ್ಲೂಕಿನ ಗಬ್ಬೂರು ಹಿಂದೆ ಹೆಸರಾಂತ ವಿದ್ಯಾಕೇಂದ್ರ. ಆ ಕಾಲದಲ್ಲಿ ವಿದ್ಯೆಗೋ ಗುಡಿಗೋ ದತ್ತಿ ಬಿಟ್ಟರೆ ಯಾವ ಹೊಲ, ಯಾವ ಸುಂಕ, ಯಾರಿಗೆ ಎಷ್ಟು ಎಂದು ಕಲ್ಲಲ್ಲಿ ಕೆತ್ತಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತಿದ್ದರು. ಅದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಈಗ ಕಲ್ಲಿನ ಜಾಗದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಅದರ 4ನೇ ಪ್ರಕರಣದ ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಬಜೆಟ್ಟನ್ನೂ ಹಣ ಬಟವಾಡೆಯ ವರದಿಯನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಗಡುವು ಕಾಯ್ದೆ ಬಂದ 120 ದಿನ. ಕೇಳಿದರೂ ಕೊಡದವನಿಗೆ ಪಾಪವೇನೂ ಇಲ್ಲ, ದಿನಕ್ಕೆ 250 ರೂಪಾಯಿ ದಂಡ, ಹೆಚ್ಚೆಂದರೆ 25,000.

ಆದ್ದರಿಂದ ಓದುಗರಲ್ಲಿ ವಿನಂತಿ. ಈ ಪ್ರಬಂಧವನ್ನು ಇಲ್ಲಿಗೇ ಬಿಟ್ಟು ನಿಮ್ಮ ಜಿಲ್ಲೆಯ ವಿಶ್ವವಿದ್ಯಾಲಯಕ್ಕೆ ಒಂದು ಅರ್ಜಿ ಬರೆಯಿರಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದಗಳ ಒಳಗೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು.