ಹುರಿಗಡಲೆಯಷ್ಟು

ಸಂಕ್ರಾಂತಿ ಮುಗಿಯಿತು, ಹೊರನಾಡ ಕನ್ನಡಿಗರ ಅಡುಗೆಮನೆಗಳಲ್ಲಿ ಕದನವಿರಾಮ ಮಾತ್ರ ಇನ್ನೂ ಆಗಿಲ್ಲ. ಜಗಳ ಕೊಬ್ಬರಿಯದು. ಆರು ತಿಂಗಳ ಮಟ್ಟಿಗೆ ನ್ಯೂಜೆರ್ಸಿಗೋ ಷಿಕಾಗೋಗೋ ಬಂದಿಳಿದ ಅಜ್ಜಿ, ಎಳ್ಳು-ಬೆಲ್ಲದ ಕೊಬ್ಬರಿಯನ್ನು ಕೈಯಲ್ಲೇ ಹೆಚ್ಚಬೇಕೆಂದು ಪಟ್ಟು ಹಿಡಿಯುತ್ತಾರೆ. ಕಟ್ಟೆಯ ಮೇಲೆ ಫುಡ್ ಪ್ರೊಸೆಸರ್ ಸುಮ್ಮನೆ ಕೂತಿರುವಾಗ ಇದೇನು ಶಿಕ್ಷೆ ಎಂದು ಸೊಸೆ ಗೊಣಗುತ್ತಾಳೆ. ಅಲ್ಲಿಯವರೆಗೆ ಇದು ಎಲ್ಲ ಮನೆಯ ಅತ್ತೆ-ಸೊಸೆಯ ಮಾಮೂಲು ಬಾಬತ್ತು. ರಂಗೇರುವುದು ಹತ್ತು ವರ್ಷದ ಮೊಮ್ಮಗಳು ಚಾಕು ಹಿಡಿದು ಕೂತಾಗ. ಪಾಪ, ಆ ಮಗು ಕೇಳುವುದು ಇಷ್ಟೇ: "ಎಷ್ಟು ಸೈಜ್ ಅಜ್ಜಿ?" ಅಜ್ಜಿಯ ಉತ್ತರ: "ಹುರಿಗಡಲೆಯಷ್ಟು." ಪೊಟ್ಟಣ ಬಿಚ್ಚಿದರೆ ಹುರಿಗಡಲೆ ಇಡಿಯಾಗಿಯೂ ಇದೆ, ಹೋಳಾಗಿಯೂ ಇದೆ. "ಯಾವ ಹುರಿಗಡಲೆ?" ಅಜ್ಜಿ ಕನ್ನಡಕ ಏರಿಸಿ ಒಂದನ್ನು ಆರಿಸಿ ಕೊಡುತ್ತಾರೆ. ಮಗು ಶಾಲೆಯ ಚೀಲದಿಂದ ಸ್ಕೇಲು ತಂದು ಅದನ್ನು ಅಳೆದು, ಪಕ್ಕದಲ್ಲಿ ಕೊಬ್ಬರಿ ತುಂಡನ್ನಿಟ್ಟು, ಇದು ಎರಡು ಮಿಲಿಮೀಟರ್ ಜಾಸ್ತಿ ಎಂದು ತೀರ್ಪು ಕೊಡುತ್ತದೆ. ತೀರ್ಪಾದದ್ದು ಅಜ್ಜಿಯೇ ಹೆಚ್ಚಿದ ತುಂಡಿನ ಮೇಲೆ. "ಅದೆಲ್ಲ ಅಳೆಯೋದಲ್ಲ ಕಣೇ, ಕಣ್ಣಿಗೇ ಗೊತ್ತಾಗತ್ತೆ!"

ಕಣ್ಣಿಗೇ ಗೊತ್ತಾಗುವ ಅಳತೆಯನ್ನು ಜಗತ್ತು ಸುಲಭವಾಗಿ ಒಪ್ಪಿಕೊಂಡಿಲ್ಲ ಎಂಬುದು ಮೊಮ್ಮಗಳ ಪರವಾಗಿ ಹೇಳಬೇಕಾದ ಮಾತು. ಕಿಲೋಗ್ರಾಮ್ ಎಂದರೆ ಎಷ್ಟು ಎಂಬ ಒಂದೇ ಪ್ರಶ್ನೆಗಾಗಿ ಪ್ಯಾರಿಸ್ ಪಕ್ಕದ ಸೆವ್ರ್ ಊರಿನಲ್ಲಿ ಪ್ಲಾಟಿನಮ್-ಇರಿಡಿಯಮ್ಮಿನ ಒಂದು ಗಟ್ಟಿಯನ್ನು 1889ರಿಂದ ಗಾಜಿನ ಬುರುಡೆಗಳೊಳಗೆ ದೇವರ ಹಾಗೆ ಕಾಪಾಡಿದರು. ಅದರ ತೂಕದಲ್ಲೂ ಕೂದಲೆಳೆಯಷ್ಟು ಏರುಪೇರು ಕಂಡು, 2019ರಲ್ಲಿ ಅದನ್ನು ನಿವೃತ್ತಿಗೊಳಿಸಿ, ಭೌತಶಾಸ್ತ್ರದ ಸ್ಥಿರಾಂಕವೊಂದರ ಮೇಲೆ ಕಿಲೋಗ್ರಾಮನ್ನು ಕೂರಿಸಿದರು. ನಮ್ಮ ಹುರಿಗಡಲೆಗೆ ಗಾಜಿನ ಬುರುಡೆಯೂ ಇಲ್ಲ, ನಿವೃತ್ತಿಯೂ ಇಲ್ಲ. ಮೈಸೂರಿನ ಹುರಿಗಡಲೆ ಬೇರೆ, ನ್ಯೂಜೆರ್ಸಿಯ ಎಡಿಸನ್ ಊರಿನ ಗುಜರಾತಿ ಅಂಗಡಿಯ ಹುರಿಗಡಲೆ ಬೇರೆ. ಇಷ್ಟಾದರೂ ಅಜ್ಜಿಯ ಇಪ್ಪತ್ತು ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಎಲ್ಲವೂ ಒಂದೇ ಬಸುರಿನಲ್ಲಿ ಹುಟ್ಟಿದವುಗಳಂತೆ ಇರುತ್ತವೆ. ಸ್ಕೇಲು ಹಿಡಿದ ಮಗುವಿನ ಇಪ್ಪತ್ತು ತುಂಡುಗಳಲ್ಲಿ ಒಂದಕ್ಕೊಂದು ನೆಂಟಸ್ತಿಕೆಯೂ ಇರುವುದಿಲ್ಲ.

ಈ ಜಗಳದಲ್ಲಿ ನನ್ನ ಮತ ಅಜ್ಜಿಗೆ. ಆದರೆ ಅಜ್ಜಿ ಕೊಡುವ ಕಾರಣಗಳಲ್ಲಿ ಒಂದೂ ನಿಲ್ಲುವಂಥದ್ದಲ್ಲ. "ನಮ್ಮಲ್ಲಿ ಯಾವತ್ತೂ ಹೀಗೇ" ಎಂಬುದು ಮೊದಲನೆಯದು. ಜನವರಿ ಹುಟ್ಟಿತೆಂದರೆ ಬೆಂಗಳೂರಿನ ಗಾಂಧಿಬಜಾರಿನಲ್ಲಿ, ಮಲ್ಲೇಶ್ವರದಲ್ಲಿ ಹೆಚ್ಚಿದ ಕೊಬ್ಬರಿ, ತುಂಡು ಬೆಲ್ಲ, ಸಿಪ್ಪೆ ತೆಗೆದ ಕಡಲೆಬೀಜ, ಕೊನೆಗೆ ಎಲ್ಲ ಬೆರೆಸಿಟ್ಟ ಎಳ್ಳೇ ರಾಶಿಗಟ್ಟಲೆ ಮಾರಾಟಕ್ಕಿರುತ್ತದೆ. ಅದನ್ನು ಕೊಳ್ಳಲು ಸಾಲುಗಟ್ಟಿದವರಲ್ಲಿ ಈ ಅಜ್ಜಿಯರೇ ಮುಂದು. ಊರಿನಲ್ಲಿ ಪೊಟ್ಟಣ ಕತ್ತರಿಸಿ ಡಬ್ಬಿಗೆ ಸುರಿಯುವ ಸಂಪ್ರದಾಯ, ವಿಮಾನ ಅಟ್ಲಾಂಟಿಕ್ ದಾಟುವಷ್ಟರಲ್ಲಿ ಹೇಗೋ ಕಟ್ಟುನಿಟ್ಟಾಗಿಬಿಡುತ್ತದೆ. ಎರಡನೆಯ ಕಾರಣ ರುಚಿ. ಇದರಲ್ಲಿ ಅರ್ಧ ಸತ್ಯವಿದೆ. ಒಣಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಯಂತ್ರದ ಅಲಗಿನ ಬಿಸಿಗೆ ಅದು ಜಿಡ್ಡು ಬಿಟ್ಟು, ಕೆಳಗೆ ಪುಡಿ, ಮೇಲೆ ಬಂಡೆ ಆಗಿ ಕೂರುತ್ತದೆ. ಆದರೆ ಎಳ್ಳು ಬೀರಿಸಿಕೊಂಡ ಹತ್ತು ಮನೆಯವರಲ್ಲಿ ಒಂಬತ್ತು ಮನೆಯವರು ಆ ಪೊಟ್ಟಣವನ್ನು ಮಾರ್ಚಿ ತಿಂಗಳವರೆಗೆ ಫ್ರಿಜ್ಜಿನ ತಲೆಯ ಮೇಲೆ ಇಟ್ಟಿರುತ್ತಾರಾದ್ದರಿಂದ ರುಚಿಯ ವಾದವನ್ನು ದೂರ ಎಳೆಯದಿರುವುದು ಒಳ್ಳೆಯದು.

ನಿಜವಾದ ಕಾರಣ ಕ್ರಿಯಾಪದ. ಹೊರನಾಡ ಮನೆಮಾತಿನಲ್ಲಿ 'ಮಾಡು' ಎಂಬ ಒಂದೇ ಬಕಾಸುರ ಉಳಿದೆಲ್ಲ ಕ್ರಿಯಾಪದಗಳನ್ನು ನುಂಗಿ ಕೂತಿದೆ: ಕಟ್ ಮಾಡು, ಪೀಲ್ ಮಾಡು, ರೋಸ್ಟ್ ಮಾಡು, ಕ್ಲೀನ್ ಮಾಡು. ವಾರಾಂತ್ಯದ ಕನ್ನಡ ಶಾಲೆ ಅಕ್ಷರ ಕಲಿಸುತ್ತದೆ, ಬಣ್ಣಗಳ ಹೆಸರು ಕಲಿಸುತ್ತದೆ. 'ಹೆರೆ' ಎಂದರೇನು ಎಂದು ಕಪ್ಪುಹಲಗೆಯ ಮೇಲೆ ಹೇಗೆ ತೋರಿಸುವುದು? ಎಳ್ಳು-ಬೆಲ್ಲದ ಮೇಜಿನ ಮುಂದೆ ಅದಕ್ಕೆ ವಿವರಣೆಯೇ ಬೇಡ. ಕೊಬ್ಬರಿ ಗಿಟುಕಿನ ಕಂದು ಸಿಪ್ಪೆಯನ್ನು ಹೆರೆಯಬೇಕು, ಬಿಳಿಯ ತಿರುಳನ್ನು ಸೀಳಬೇಕು, ಸೀಳಿದ್ದನ್ನು ಹೆಚ್ಚಬೇಕು. ಬೆಲ್ಲವನ್ನು ಕುಟ್ಟುವಂತಿಲ್ಲ, ಕೆತ್ತಬೇಕು. ಕಡಲೆಬೀಜವನ್ನು ಹುರಿದು, ಉಜ್ಜಿ, ಕೇರಬೇಕು. ಕೇರಲು ಮೊರವಿಲ್ಲವಾಗಿ ಕುಕೀ ಬೇಯಿಸುವ ತಟ್ಟೆಯೇ ಮೊರ. ಈ ಕೆಲಸಕ್ಕೆ ಗಂಡಸರನ್ನು ಡೆಕ್ಕಿಗೆ ಅಟ್ಟುವುದು ವಾಡಿಕೆ. ಮೈನಸ್ ಡಿಗ್ರಿಯ ಚಳಿಯಲ್ಲಿ, ಕಿವಿ ಮುಚ್ಚುವ ಟೋಪಿ ತೊಟ್ಟ ಸಾಫ್ಟ್‌ವೇರ್ ಆರ್ಕಿಟೆಕ್ಟ್ ಒಬ್ಬ ತಟ್ಟೆ ಹಿಡಿದು ಉಫ್ ಎನ್ನುತ್ತಿದ್ದರೆ, ಬಿಳಿಯ ಹಿಮದ ಮೇಲೆ ಕೆಂಪು ಹೊಟ್ಟು ರಂಗೋಲಿಯಂತೆ ಕೂರುತ್ತದೆ. "ಕೇರು ಅಂದ್ರೆ ಊದೋದಲ್ವೋ!" ಎಂದು ಒಳಗಿನಿಂದ ಅಜ್ಜಿ. ಫುಡ್ ಪ್ರೊಸೆಸರಿಗೆ ಇರುವುದು ಒಂದೇ ಕ್ರಿಯಾಪದ, ಗುಂಡಿ ಒತ್ತು. ಅದೂ 'ಪ್ರೆಸ್ ಮಾಡು' ಆಗಿ ಬಹಳ ಕಾಲವಾಯಿತು.

ಧಾರವಾಡದ ಕಡೆಯ ಮನೆಗಳಲ್ಲಿ ಕೊಬ್ಬರಿ ಹೆಚ್ಚುವ ಈ ಸಮಸ್ಯೆಯಿಲ್ಲ. ಅವರು ಕುಸುರೆಳ್ಳು ಹಂಚುತ್ತಾರೆ. ಸಣ್ಣ ಉರಿಯಲ್ಲಿ ಎಳ್ಳಿಗೆ ಪಾಕ ಹನಿಸುತ್ತಾ, ಕೈಯಾಡಿಸುತ್ತಾ, ಮುಳ್ಳು ಏಳುವವರೆಗೂ ಕೂರುವ ಆ ತಾಳ್ಮೆಯ ಮುಂದೆ ಹುರಿಗಡಲೆ ಜಗಳ ಮಕ್ಕಳಾಟ. ಅದರ ಮಾತು ಬೇರೆ ದಿನಕ್ಕಿರಲಿ. ನಮ್ಮ ಎಳ್ಳು-ಬೆಲ್ಲದ ಜೊತೆಗೆ ಕೊಡುವ ಸಕ್ಕರೆ ಅಚ್ಚಿನ ಬಗ್ಗೆ ಮಾತ್ರ ಹೇಳದೆ ಬಿಡಲಾಗದು. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು ಇಟ್ಟದ್ದಾಯಿತು. ಪಾಕ ಕುದಿಯುವಾಗ ಅಜ್ಜಿ ಒಂದೆರಡು ಚಮಚ ಹಾಲು ಹಾಕುತ್ತಾರೆ. ಸಕ್ಕರೆಯ ಕೊಳೆಯೆಲ್ಲ ಹಾಲಿನೊಡನೆ ಒಡೆದು ಮೇಲೆ ತೇಲಬೇಕು, ಅದನ್ನು ತೆಗೆದೆಸೆಯಬೇಕು. ಅಮೆರಿಕದ ಸಕ್ಕರೆಯಲ್ಲಿ ಕೊಳೆಯೇ ಇಲ್ಲ. ಆದರೂ ಸೌಟು ಹಿಡಿದು ಅಜ್ಜಿ ಕಾಯುತ್ತಾರೆ. ಬಸ್ಸು ಬರದ ನಿಲ್ದಾಣದಲ್ಲಿ ನಿಂತವರ ಹಾಗೆ ಕಾಯುತ್ತಾರೆ. ಕೊನೆಗೆ ಒಡೆದ ಹಾಲನ್ನೇ ತೆಗೆದು, "ನೋಡು, ಎಷ್ಟು ಕೊಳೆ!" ಎಂದು ಸಮಾಧಾನಪಡುತ್ತಾರೆ. ಅವರಿಗೆ ಇಲ್ಲವೆನ್ನುವ ಎದೆಗಾರಿಕೆ ಯಾರಿಗಿದೆ?

ಆಕ್ಷೇಪಗಳು ಬರುತ್ತವೆ. ಮಕ್ಕಳ ಕೈಗೆ ಚಾಕು ಕೊಡುವುದೇ ಎಂಬುದು ಒಂದು. ಒಣಕೊಬ್ಬರಿ ಜಾರುವ ವಸ್ತು, ಭಯ ನ್ಯಾಯವೇ. ಚಿಕ್ಕವರಿಗೆ ಬೆರೆಸುವ ಕೆಲಸ, ರಬ್ಬರ್ ಬ್ಯಾಂಡ್ ಹಾಕುವ ಕೆಲಸ ಬೇಕಾದಷ್ಟಿದೆ. ಅಷ್ಟು ಬಡಿದಾಡಿ ಮಾಡಿದ್ದನ್ನು ಶಾಲೆಗೆ ಒಯ್ಯುವಂತೆಯೂ ಇಲ್ಲವಲ್ಲ ಎಂಬುದು ಇನ್ನೊಂದು. ನಿಜ. ಕಡಲೆಕಾಯಿಗೆ ಎಷ್ಟೋ ಶಾಲೆಗಳಲ್ಲಿ ಮೊದಲೇ ಬಹಿಷ್ಕಾರವಿತ್ತು; 2023ರ ಜನವರಿ 1ರಿಂದ ಎಳ್ಳೂ ಅಮೆರಿಕದ ಕಾನೂನಿನಲ್ಲಿ 9ನೆಯ ಪ್ರಮುಖ ಅಲರ್ಜಿಯ ಪದಾರ್ಥ. ಸಂಕ್ರಾಂತಿಗೆ ಎರಡೇ ವಾರ ಮೊದಲು! ಶಾಲೆಗೆ ಬೇಡ, ಬಿಡಿ. ಸ್ನೇಹಿತರ ಮನೆಗಳಿವೆ, ಸೂರ್ಯ ಮಕರಕ್ಕೆ ಹೋಗುವುದು 14ಕ್ಕೋ 15ಕ್ಕೋ ಆದರೂ ನಮ್ಮವರು ಎಳ್ಳು ಬೀರಲು ಹೋಗುವುದು ಶನಿವಾರಕ್ಕೆ, ಎಲ್ಲರಿಗೂ ಪುರುಸೊತ್ತು. ಬೆಲ್ಲ ಒಣಗಲು ಬಿಸಿಲೆಲ್ಲಿ ಎಂದು ಕೇಳುವವರೂ ಇದ್ದಾರೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ಎಷ್ಟು ಒಣಗಿರುತ್ತದೆಂದರೆ ತುಟಿಯೇ ಬಿರಿಯುತ್ತದೆ. ಬೆಲ್ಲ ಯಾವ ಲೆಕ್ಕ?

ಉಳಿದದ್ದು ಗಟ್ಟಿ ಆಕ್ಷೇಪ: ಮಗು ನಾಲ್ಕು ತುಂಡು ಹೆಚ್ಚಿ ಟ್ಯಾಬ್ಲೆಟ್ಟಿಗೆ ಓಡುತ್ತದೆ, ಇದೆಲ್ಲ ಅಜ್ಜಿಯ ಚಪಲಕ್ಕೆ. ಇದಕ್ಕೆ 2012ರಲ್ಲಿ ಪ್ರಕಟವಾದ 'ಐಕಿಯಾ ಪರಿಣಾಮ' ಎಂಬ ಅಧ್ಯಯನದಲ್ಲಿ ಉತ್ತರವಿದೆ. ತಾವೇ ಮಡಿಚಿದ ಸೊಟ್ಟ ಕಾಗದದ ಕೊಕ್ಕರೆ-ಕಪ್ಪೆಗಳಿಗೆ ಜನ ಪರಿಣತರ ಕೆಲಸಕ್ಕೆ ಸಮೀಪದ ಬೆಲೆ ಕಟ್ಟಿದರು. ಆದರೆ ಕೈಗೆತ್ತಿಕೊಂಡದ್ದು ಅರ್ಧಕ್ಕೆ ನಿಂತರೆ ಆ ಮಮತೆ ಹುಟ್ಟುವುದಿಲ್ಲ ಎಂಬುದೂ ಅಲ್ಲೇ ಕಂಡ ಸಂಗತಿ. ಮಗು ಮಲಗಿದ ಮೇಲೆ ಉಳಿದ ಗಿಟುಕುಗಳನ್ನು ಗುಟ್ಟಾಗಿ ಯಂತ್ರಕ್ಕೆ ಹಾಕಿ ಮುಗಿಸುವ ತಾಯಂದಿರು ಹಾಳುಮಾಡುವುದು ಇದನ್ನೇ. ಒಂದು ಗಿಟುಕು ಸಾಕು, ಅದು ಆ ಮಗುವಿನದಾಗಿ ಮುಗಿಯಲಿ. ಬಾಲ ಮುರಿದ ಸಕ್ಕರೆ ಮೀನು ತಟ್ಟೆಯ ಮಧ್ಯದಲ್ಲೇ ಕೂರಲಿ. ಅಜ್ಜಿಯರೂ ಇದನ್ನು ಬಲ್ಲರು, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಹಗಲೆಲ್ಲ "ಇದೇನೇ ಇದು, ಸೈಜುಗಲ್ಲು ಹೆಚ್ಚಿದ ಹಾಗೆ" ಎಂದು ಬೈದವರು, ರಾತ್ರಿ ಮೈಸೂರಿನ ತಂಗಿಗೆ ವಿಡಿಯೋ ಕರೆ ಮಾಡಿ, ಫೋನಿನ ಕಣ್ಣಿಗೆ ಒತ್ತುವಷ್ಟು ಹತ್ತಿರ ತೋರಿಸುವುದು ಆ ಸೈಜುಗಲ್ಲುಗಳನ್ನೇ.

ಆದ್ದರಿಂದ ಮುಂದಿನ ಜನವರಿಗೆ, ಫುಡ್ ಪ್ರೊಸೆಸರನ್ನು ಹಿಂದಿನ ರಾತ್ರಿಯೇ ಗ್ಯಾರೇಜಿಗೆ ಸಾಗಿಸಿ. ಸ್ಕೇಲನ್ನು ಬಚ್ಚಿಡಬೇಡಿ, ಮಗುವಿನ ಕೈಯಲ್ಲೇ ಇರಲಿ. ಹುರಿಗಡಲೆಯನ್ನು ಮಾತ್ರ, ದಯವಿಟ್ಟು, ಒಂದೇ ಅಂಗಡಿಯಿಂದ ತನ್ನಿ.