ಪೀಂ ಪೀಂ ಕಛೇರಿ

ಬೂಟ್ ಆಗುವಾಗ ಒಮ್ಮೆ "ಪೀಂ" ಎಂದು ಆಮೇಲೆ ದಿನವಿಡೀ ಬಾಯಿ ಬಿಡದ ಹಳೇ ಪಿಸಿಯ ಸ್ಪೀಕರಿನಿಂದ ಮೋಹನ ರಾಗ ಹಾಡಿಸಬೇಕೆಂಬ ಹುಚ್ಚು ನನಗೆ. "ಮೊಬೈಲಲ್ಲಿ ಆಪ್ ಇದೆಯಲ್ಲ ಸಾರ್" ಅನ್ನುವವರನ್ನು ಮನೆಗೆ ಕರೆಯುವುದನ್ನೇ ಬಿಟ್ಟಿದ್ದೇನೆ.

1981ರ ಐಬಿಎಂ ಪಿಸಿಯ 8253 ಟೈಮರ್ ಚಿಪ್ಪಿಗೆ ಇದ್ದದ್ದು ಮೂರೇ ಚಾನೆಲ್. ಗಡಿಯಾರಕ್ಕೊಂದು, ಮೆಮೊರಿ ರಿಫ್ರೆಶ್‌ಗೊಂದು, ಸ್ಪೀಕರಿಗೊಂದು. ಆ ಕೊನೆಯದನ್ನೂ ಲಿನಕ್ಸ್ ಕರ್ನೆಲ್ ಸುಮ್ಮನೆ ಬಿಟ್ಟಿಲ್ಲ. ಸ್ಪೀಕರಿನ ಬಾಯಿ ಮುಚ್ಚಿಸಿ, ಅದರ ಚಾನೆಲ್ಲಿನಿಂದಲೇ ಗಿಗಾಹರ್ಟ್ಸ್ ಪ್ರೊಸೆಸರಿನ ವೇಗ ಅಳೆಯುವುದುಂಟು. ಗಾಯಕರನ್ನು ಕರೆಸಿ ಚಪ್ಪರದ ಅಳತೆ ಹಿಡಿಸಿದ ಹಾಗೆ! ಹೀಗೆ ಹಲವರು ಹಂಚಿಕೊಳ್ಳುವ ಚಿಪ್ಪಿಗೆ ಒಬ್ಬರು ಬರೆಯುವಾಗ ಇನ್ನೊಬ್ಬರು ನುಗ್ಗದಿರಲೆಂದು, ಅದನ್ನು ಮುಟ್ಟುವ ಡ್ರೈವರುಗಳು ಮೊದಲು ಒಂದೇ ಲಾಕ್ ಹಿಡಿಯಬೇಕು.

ರಾಗ ಹಾಡಿಸಲು ನಾನು ಬರೆದ ಕರ್ನೆಲ್ ಮಾಡ್ಯೂಲಿನಲ್ಲಿ ಆ ಲಾಕನ್ನು ಬೇಕೆಂದೇ ಕಿತ್ತುಹಾಕಿದೆ. ಏನಾಗುತ್ತದೋ ಕೇಳಬೇಕಿತ್ತು.

ಒಂದು ಥ್ರೆಡ್ಡಿಗೆ ಷಡ್ಜ, 440 ಹರ್ಟ್ಸ್. ಇನ್ನೊಂದಕ್ಕೆ ತಾರಷಡ್ಜ, 880. ಚಿಪ್ಪಿನ ಮಿಡಿತ ಸೆಕೆಂಡಿಗೆ 11,93,182. ಭಾಗಿಸಿದರೆ ಮೊದಲನೆಯವನಿಗೆ 2711, ಎರಡನೆಯವನಿಗೆ 1355. ಪೋರ್ಟಿನಲ್ಲಿ ಒಂದು ಸಲಕ್ಕೆ ಹಿಡಿಸುವುದು ಒಂದೇ ಬೈಟು. ಹಾಗಾಗಿ ಮೊದಲನೆಯವನು ಕೆಳಬೈಟು 151 ಕೊಟ್ಟು ಆಮೇಲೆ ಮೇಲ್ಬೈಟು 10 ಕೊಡಬೇಕು, ಎರಡನೆಯವನು 75 ಕೊಟ್ಟು 5. ಕಿವಿಗೆ ಬೀಳಲೆಂದು ನಡುನಡುವೆ ತಡವನ್ನೂ ತುರುಕಿದ್ದೆ. ಮೊದಲನೆಯವನು 151 ಇಟ್ಟು ಕೈ ತೆಗೆಯುತ್ತಾನೆ. ಎರಡನೆಯವನು ನುಗ್ಗಿ 75 ಇಡುತ್ತಾನೆ. ಕೊಟ್ಟವರು ಯಾರೆಂಬ ಗೊಡವೆ ಚಿಪ್ಪಿಗಿಲ್ಲ, ಎರಡನ್ನೂ ಜೋಡಿಸಿ 19351 ಮಾಡಿಕೊಂಡಿತು. 62 ಹರ್ಟ್ಸ್‌ನ ಗೊರಗೊರ! ಅಷ್ಟರಲ್ಲಿ ಅವನ 10, ಇವನ 5. ಸೇರಿದರೆ 1290, ಅಂದರೆ 925 ಹರ್ಟ್ಸ್. ಇಬ್ಬರೂ ಕೇಳದ, ಮೋಹನಕ್ಕೆ ಸಂಬಂಧವೇ ಇಲ್ಲದ, ಶುದ್ಧ ರಿಷಭದ ಆಸುಪಾಸಿನ ಒಂದು ಕಿರುಚಾಟ. ನಾನು ಕುರ್ಚಿಯಲ್ಲೇ ಕುಣಿದೆ.

"ಏನ್ರೀ ಅದು, ಡಬ್ಬದೊಳಗೆ ಇಲಿ ಸಿಕ್ಕಿಹಾಕ್ಕೊಂಡಿದ್ಯಾ?" ಎಂದಳು ಹೆಂಡತಿ.

ಎಲ್ಲ ಕಡೆ ಹೀಗೆ ಕುಣಿಯುವಂತಿಲ್ಲ. ಮೋಟರು ತಿರುಗಿಸಲೂ ಬಳಸುವ ಎಸ್‌ಟಿಎಂ32 ಚಿಪ್ಪುಗಳಲ್ಲಿ ಒಂದು ಟೈಮರಿನ ಚಾನೆಲ್ಲುಗಳಿಗೆಲ್ಲ ಅವಧಿ ಒಂದೇ. ಪಕ್ಕದ ಚಾನೆಲ್ ಓಡುತ್ತಿರುವಾಗ ಬೇರೆ ಅವಧಿ ಬರೆಯಹೊರಟರೆ ಲಿನಕ್ಸ್ ಡ್ರೈವರ್ ಮುಲಾಜಿಲ್ಲದೆ "ಬಿಡುವಿಲ್ಲ" ಎನ್ನುತ್ತದೆ. ಪಕ್ಕದಲ್ಲಿ ತಿರುಗುತ್ತಿರುವುದು ಮೋಟರಾಗಿದ್ದು, ಅದರ ಹತ್ತಿರ ಯಾರದೋ ಬೆರಳಿದ್ದರೆ? ಆ ಖಡಕ್ ಸಾಲು ಬರೆದವರಿಗೆ ನನ್ನ ನಮಸ್ಕಾರ.

ಲಾಕ್ ವಾಪಸ್ ಹಾಕಿದ ಮೇಲೆ ಮೋಹನ ಬಂತು. ಗಮಕವಿಲ್ಲದ ಬೋಳು ಮೋಹನ. ಕಾಲಿಂಗ್ ಬೆಲ್ ಎಂದುಕೊಂಡು ಹೆಂಡತಿ ಬಾಗಿಲು ತೆಗೆದಳು. ಈಗ ಕಲ್ಯಾಣಿಗೆ ಕೈ ಹಾಕಿದ್ದೇನೆ.