ತಡವಾಗಿ ಬರುವ ‘ಸ’: ಬಳಕೆದಾರರ ಕೈಪಿಡಿ

ಹೊಸ ಸಿಂಥಸೈಸರ್ ಕೊಂಡಿದ್ದಕ್ಕೆ ಅಭಿನಂದನೆಗಳು. ಇದರ ಜೊತೆಗೆ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಎರಡು ಕೇಬಲ್, ವೈರ್ ಇರುವ ಹೆಡ್‌ಫೋನ್ ಬೇಕು. ಬ್ಲೂಟೂತ್ ಹೆಡ್‌ಫೋನ್ ಇದ್ದರೆ ಮಗಳಿಗೆ ಕೊಟ್ಟುಬಿಡಿ. ಅದೊಂದೇ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗಿಂತ ಹೆಚ್ಚು ನುಂಗುತ್ತದೆ. ನುಂಗಿದ್ದನ್ನು ಕಕ್ಕಿಸುವ ಶಕ್ತಿ ಈ ಕೈಪಿಡಿಗಿಲ್ಲ.

ಹಂತ 1. ಸಿಂಥಸೈಸರನ್ನು ಇಂಟರ್‌ಫೇಸಿನ ಮೂಲಕ ಕಂಪ್ಯೂಟರಿಗೆ ಜೋಡಿಸಿ ಕೀ ಒತ್ತಿ. ‘ಸ’ ಕೇಳಿಸಿತೇ? ಇಲ್ಲವೇ? ಈಗ? ಹಾಂ, ಇದೇ ಲೇಟೆನ್ಸಿ. ತಪ್ಪು ನಿಮ್ಮ ಬೆರಳಿನದಲ್ಲ. ಆದರೂ ಮೊದಲ ವಾರ ಬೆರಳನ್ನೇ ಬೈದುಕೊಳ್ಳುವುದು ವಾಡಿಕೆ, ಬೈದುಕೊಳ್ಳಿ.

ಕಾರಣ ಬೀದಿ ನಲ್ಲಿಯ ಹತ್ತಿರ ನಿಂತವರಿಗೆಲ್ಲ ಗೊತ್ತು. ಕಂಪ್ಯೂಟರ್ ನಾದವನ್ನು ಹನಿಹನಿಯಾಗಿ ಒಯ್ಯುವುದಿಲ್ಲ. ಬಿಂದಿಗೆ ತುಂಬಿದ ಮೇಲೇ ಎತ್ತುತ್ತದೆ. ಆ ಬಿಂದಿಗೆಗೆ ಬಫರ್ ಎಂದು ಹೆಸರು. ಸೆಕೆಂಡಿಗೆ 48,000 ಸ್ಯಾಂಪಲ್ ಸುರಿಯುವ ನಲ್ಲಿಯ ಕೆಳಗೆ 256ರ ಬಿಂದಿಗೆ ಇಟ್ಟರೆ ತುಂಬಲು 5.3 ಮಿಲಿಸೆಕೆಂಡ್, 1024ರದ್ದು ಇಟ್ಟರೆ 21.3. ಬರುವಾಗೊಂದು ಬಿಂದಿಗೆ, ಹೋಗುವಾಗೊಂದು. ಮೇಲೆ ಅಲೆಯನ್ನು ಅಂಕಿಯಾಗಿ, ಅಂಕಿಯನ್ನು ಮತ್ತೆ ಅಲೆಯಾಗಿ ಬದಲಿಸುವ ಹೊತ್ತು. ಇವೂ ಸಾಲದೆಂದು, ನೀರು ಎಲ್ಲಿ ನಿಂತುಹೋದೀತೋ ಎಂಬ ಭಯಕ್ಕೆ ಡ್ರೈವರ್ ಯಾರಿಗೂ ಹೇಳದೆ ತುಂಬಿಟ್ಟುಕೊಳ್ಳುವ ಒಂದು ಚೊಂಬು.

ಹಂತ 2. ಬಿಂದಿಗೆ ಚಿಕ್ಕದು ಮಾಡಿ. ವಿಂಡೋಸ್‌ನವರು ಇಂಟರ್‌ಫೇಸ್ ತಯಾರಿಸಿದವರೇ ಕೊಟ್ಟ ಎಎಸ್‌ಐಓ ಡ್ರೈವರ್ ಹಾಕಿಕೊಳ್ಳಬೇಕು. ವಿಂಡೋಸ್‌ನ ಪಡಸಾಲೆಯಲ್ಲಿ ಕಾಯದೆ ಹಿತ್ತಿಲ ಬಾಗಿಲಿನಿಂದ ಒಳನುಗ್ಗಲು ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಮಾಡಿಕೊಟ್ಟ ದಾರಿ ಅದು. ಮ್ಯಾಕ್‌ನವರಿಗೆ ಈ ತಾಪತ್ರಯವಿಲ್ಲ. 128ಕ್ಕೆ ಇಳಿಸಿ, 64ಕ್ಕೆ ಇಳಿಸಿ. ಆಸೆಬಿದ್ದು 32ಕ್ಕೆ ಇಳಿಸಿದಿರೋ, ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಪಟಪಟ ಶುರುವಾದೀತು. ಅಷ್ಟು ಸಲ ಓಡಾಡಲು ಪ್ರೊಸೆಸರ್‌ಗೆ ಆಗುತ್ತಿಲ್ಲ. ಮತ್ತೆ ಏರಿಸಿ.

ಎಷ್ಟು ತಡವನ್ನು ತಡೆದುಕೊಳ್ಳಬಹುದು? ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. 10 ಮಿಲಿಸೆಕೆಂಡ್ ಎಂದರೆ ಸ್ಪೀಕರನ್ನು 3.4 ಮೀಟರ್ ಆಚೆ ಇಟ್ಟ ಹಾಗೆ. ಅಷ್ಟಕ್ಕೆ ಬೆರಳು ಹೊಂದಿಕೊಳ್ಳುತ್ತದೆ. ಮೈಕ್ ಇಲ್ಲದ ಕಛೇರಿಯಲ್ಲಿ 20 ಮೀಟರ್ ಹಿಂದೆ ಕೂತು ತೊಡೆ ತಟ್ಟುವ ರಾಯರಿಗೆ ಮೃದಂಗದ ಪೆಟ್ಟು 58 ಮಿಲಿಸೆಕೆಂಡ್ ತಡವಾಗಿಯೇ ಮುಟ್ಟುತ್ತದೆ. ಅವರು ದೂರಿದ್ದುಂಟೇ? ಕೇಳುವವರ ಈ ಸುಖ ನುಡಿಸುವವರಿಗಿಲ್ಲ.

ಹಂತ 3. ಇಂಟರ್‌ಫೇಸ್ ಮೇಲಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ. ದನಿ ಕಂಪ್ಯೂಟರಿನ ಕಡೆ ತಲೆಹಾಕದೆ ನೇರ ಕಿವಿಗೆ ಬರುತ್ತದೆ. ಸಾಫ್ಟ್‌ವೇರಿನ ಮಾನಿಟರಿಂಗ್ ನಿಲ್ಲಿಸಲು ಮರೆತರೆ ಪ್ರತಿ ಸ್ವರದ ಹಿಂದೆಯೂ ಅಣಕಿಸುವ ತಮ್ಮನೊಬ್ಬ ಹುಟ್ಟಿಕೊಳ್ಳುತ್ತಾನೆ.

ಹಂತ 4. ಬಹಳ ಮಂದಿ ಇಲ್ಲಿಗೇ ಕೈಪಿಡಿ ಮುಚ್ಚಿಡುತ್ತಾರೆ. ನಾನೂ ಮುಚ್ಚಿದ್ದೆ. ತಾಳದ ಕ್ಲಿಕ್ ಕೇಳುತ್ತ ರೆಕಾರ್ಡ್ ಮಾಡುವಾಗ ಕಿವಿಗೆ ಸರಿಯಾಗಿಯೇ ಕೇಳಿಸಿದ್ದು ಪರದೆಯ ಮೇಲೆ ನೋಡಿದರೆ ಕ್ಲಿಕ್‌ನಿಂದ ಕೊಂಚ ಬಲಕ್ಕೆ ಕೂತಿರುತ್ತದೆ. ಇದು ಬೇರೆಯೇ ಕಾಯಿಲೆ. ಇದಕ್ಕೂ ಬಫರ್ ತಿರುಗಿಸುತ್ತ ಕೂರುವುದು ಹಲ್ಲುನೋವಿಗೆ ಕಾಲೊತ್ತಿದ ಹಾಗೆ. ಎಷ್ಟು ತಡವಾಯಿತೆಂದು ಡ್ರೈವರನ್ನು ಕೇಳಿ ಸಾಫ್ಟ್‌ವೇರ್ ಅಷ್ಟು ಹಿಂದಕ್ಕೆ ಎಳೆದು ಕೂರಿಸುತ್ತದೆ. ಡ್ರೈವರೋ, ಎಷ್ಟೋ ಸಲ ತನ್ನ ಚೊಂಬನ್ನು ಲೆಕ್ಕಕ್ಕೆ ಕೊಟ್ಟಿರುವುದಿಲ್ಲ. ಹಾಗಾಗಿ ತಂತಿಯನ್ನೇ ಕೇಳಬೇಕು. ಇಂಟರ್‌ಫೇಸಿನ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್‌ಗೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಇಳಿಸಿ, ಎಲ್ಲ ಮಾನಿಟರಿಂಗ್ ನಿಲ್ಲಿಸಿ (ಇಲ್ಲದಿದ್ದರೆ ಕೀ ಎಂದು ಕಿರುಚುತ್ತದೆ), ಒಂದು ಟ್ರ್ಯಾಕಿನ ಕ್ಲಿಕ್ಕನ್ನು ಇನ್ನೊಂದಕ್ಕೆ ರೆಕಾರ್ಡ್ ಮಾಡಿ. ಎರಡನ್ನೂ ಹಿಗ್ಗಿಸಿ ಅಂತರ ಎಣಿಸಿ. ನನ್ನದು 214 ಸ್ಯಾಂಪಲ್, ಅಂದರೆ ಸುಮಾರು 4.5 ಮಿಲಿಸೆಕೆಂಡ್. ಆ ಅಂಕಿಯನ್ನು ರೆಕಾರ್ಡಿಂಗ್ ಆಫ್‌ಸೆಟ್ ಎಂಬಲ್ಲಿ ತುಂಬಿದರೆ ಆಯಿತು. ಇದು ತಿಳಿಯುವ ಮುಂಚೆ ಮೂರು ಭಾನುವಾರ ಒಂದೊಂದು ಟ್ರ್ಯಾಕನ್ನೂ ಕೈಯಾರೆ ಎಳೆದು ಕೂರಿಸಿದ್ದೇನೆ. ಬಫರ್ ಬದಲಿಸಿದರೆ ಮತ್ತೆ ಅಳೆಯಿರಿ.

ಎಚ್ಚರಿಕೆ. ಸಿಂಥಸೈಸರಿನ ಬೆನ್ನಿನಲ್ಲೂ ಯುಎಸ್‌ಬಿ ಇದೆ, ಅದರಲ್ಲೂ ಆಡಿಯೋ ಬರುತ್ತದೆ ಎಂದು ಎರಡನ್ನೂ ಒಟ್ಟಿಗೆ ಹೂಡಬೇಡಿ. ಎರಡು ಯಂತ್ರಕ್ಕೆ ಎರಡು ಗಡಿಯಾರ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ನಿಮಿಷಕ್ಕೆ 3 ಮಿಲಿಸೆಕೆಂಡ್ ಜಾರುತ್ತದೆ. ಐದು ನಿಮಿಷದ ಹಾಡು ಮುಗಿಯುವಾಗ 15. ಬೆಳೆಯುತ್ತಲೇ ಹೋಗುವ ತಡಕ್ಕೆ ಯಾವ ಆಫ್‌ಸೆಟ್ಟೂ ಮದ್ದಲ್ಲ. ಸಿಂಥಸೈಸರಿನ ದನಿಯನ್ನು ಮಾಮೂಲಿ ಆಡಿಯೋ ಕೇಬಲ್ಲಿನಲ್ಲೇ ಇಂಟರ್‌ಫೇಸಿಗೆ ಕೊಡಿ.

ಇಷ್ಟೆಲ್ಲ ಆದ ಮೇಲೂ ‘ಸ’ ಕ್ಲಿಕ್ಕಿನ ಆಚೆಗೇ ಬಿದ್ದಿದ್ದರೆ, ಹಂತ 1ರಲ್ಲಿ ಬೆರಳಿನ ಪರವಾಗಿ ಬರೆದಿರುವ ವಾಕ್ಯವನ್ನು ಹೊಡೆದುಹಾಕಿ.